ಬ್ಲಾಕ್ ಅಂದರೆ ಬೆನ್ನುಹುರಿಗೆ ಚುಚ್ಚುವುದಲ್ಲ

ಅಮ್ಮನ ಸ್ತನದ ಆಪರೇಷನ್‌ಗೆ ಹೇಗೂ ಪೂರ್ತಿ ಅರಿವಳಿಕೆ ಕೊಡುತ್ತಾರಲ್ಲ, ಮತ್ತೆ ಬೆನ್ನಿಗೆ ಪ್ಯಾರಾವರ್ಟಿಬ್ರಲ್ ಬ್ಲಾಕ್ (ನರ ಮರಗಟ್ಟಿಸುವ ಇಂಜೆಕ್ಷನ್) ಯಾಕೆ, ಅಪಾಯ ಅಲ್ವಾ ಅಂತ ಕೇಳಿದ್ದೀರಿ. ಅರಿವಳಿಕೆ ಆಪರೇಷನ್ ಮುಗಿಯುವವರೆಗೆ ಮಾತ್ರ. ಎಚ್ಚರವಾದ ಮೇಲಿನ ನೋವಿಗೆ ಈ ಬ್ಲಾಕ್.

ಸೂಜಿ ಬೆನ್ನುಹುರಿಗೆ ಹೋಗುವುದಿಲ್ಲ. ಬೆನ್ನುಮೂಳೆಯ ಪಕ್ಕದಲ್ಲಿ, ಎದೆಯ ನರಗಳು ಹೊರಬರುವ ಜಾಗಕ್ಕೆ ಮರಗಟ್ಟಿಸುವ ಔಷಧ ಬಿಡುತ್ತಾರೆ. ಈಗ ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿ ನೋಡಿಕೊಂಡೇ ಮಾಡುವುದು. ಶ್ವಾಸಕೋಶದ ಪೊರೆ ಅಲ್ಲೇ ಹತ್ತಿರ ಇರುತ್ತದೆ, ಅದಕ್ಕೆ ಸೂಜಿ ತಾಗಬಹುದು. ಆದರೆ ಅಪರೂಪ. ಆ ಭಯ ಜಾಸ್ತಿ ಇದ್ದರೆ ಪೆಕ್ಸ್ ಬ್ಲಾಕ್ ಆಗುತ್ತದಾ ಅಂತ ಕೇಳಿ ನೋಡಿ. ಅದನ್ನು ಎದೆಯ ಮುಂದೆ, ಸ್ನಾಯುಗಳ ಪದರದ ನಡುವೆ ಕೊಡುತ್ತಾರೆ. ಅದರ ಎರಡನೇ ಬಗೆ ಕಂಕುಳಿನ ನೋವಿಗೂ ಒಳ್ಳೆಯದು.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ನೀವಾಗೇ ನಿಲ್ಲಿಸಬೇಡಿ.

ನನ್ನ ಪ್ರಕಾರ ಮುಖ್ಯವಾದ ಮಾತು ಬೇರೆ. ಒಂದೇ ಸಲ ಕೊಟ್ಟ ಬ್ಲಾಕ್ ಕೆಲವು ಗಂಟೆ, ಹೆಚ್ಚೆಂದರೆ ಸುಮಾರು ಒಂದು ದಿನ. ಇಳಿಯುವಾಗ ನೋವು ಒಮ್ಮೆಲೇ ಏಳಬಹುದು, ಅದೂ ನಡುರಾತ್ರಿ. "ಈಗ ನೋವಿಲ್ಲ, ಮಾತ್ರೆ ಸುಮ್ನೆ ಯಾಕೆ" ಅಂತ ಅಮ್ಮ ಅಂದರೂ ಬರೆದುಕೊಟ್ಟ ಹೊತ್ತಿಗೆ ಕೊಡಿ.