ಷಿಕಾಗೋ ಹಳಿಗೆ ಬೆಂಕಿ ಹಚ್ಚುವುದು ಹಿಮ ಕರಗಿಸೋಕಾ?

ಜನವರಿಯಲ್ಲಿ ಷಿಕಾಗೋಗೆ ಬರುತ್ತಿದ್ದೀರಿ, ಹಳಿ ಪಕ್ಕ ಬೆಂಕಿ ಉರಿಯುವ ವಿಡಿಯೋ ನೋಡಿದ್ದೀರಿ, ಊರೊಳಗೆ ಹೆಚ್ಚಾಗಿ ಮೇಲುಸೇತುವೆ ಮೇಲೆ ಓಡುವ ಮೆಟ್ರೋ, ಅಂದರೆ ‘ಎಲ್’ ರೈಲಲ್ಲೂ ಹೀಗೇನಾ ಅಂತ ಕೇಳಿದ್ದೀರಿ. ಭಯ ಬೇಡ. 2019ರ ಭಯಂಕರ ಚಳಿಯಲ್ಲಿ ಓಡಾಡಿದ ಆ ವಿಡಿಯೋಗಳು ಮೆಟ್ರಾ ಎಂಬ ಉಪನಗರ ರೈಲಿನವು. ಉರಿಯುವುದು ಹಳಿಯಲ್ಲ, ಪಕ್ಕದ ಗ್ಯಾಸ್ ಬರ್ನರ್. ರೈಲು ಹಳಿ ಬದಲಿಸುವ ಪಾಯಿಂಟ್‌ಗಳಲ್ಲಿ ಹಿಮ ತುಂಬಿದರೆ ಹಳಿ ಸರಿಯುವುದೇ ಇಲ್ಲ. ಅದಕ್ಕೇ ಈ ಶಾಖ. ‘ಎಲ್’ನಲ್ಲೂ ಪಾಯಿಂಟ್‌ಗಳಿಗೆ ಹೀಟರ್ ಇದೆ.

ಆದರೆ ‘ಎಲ್’ಗೆ ಹಿಮಕ್ಕಿಂತ ಐಸ್ ಕಾಟವೇ ಜಾಸ್ತಿ. ಹಳೇ ಉಕ್ಕಿನ ಮೇಲುಸೇತುವೆಗಳಲ್ಲಿ ಮರದ ದಿಮ್ಮಿಗಳ ನಡುವೆ ಸಂದು ಇರುತ್ತದೆ, ಎಷ್ಟೋ ಹಿಮ ಅಲ್ಲಿಂದಲೇ ಕೆಳಗಿನ ರಸ್ತೆಗೆ ಉದುರಿಹೋಗುತ್ತದೆ. ತೊಂದರೆ ಕೊಡುವುದು ಮೂರನೇ ಹಳಿ. ನಮ್ಮ ಮೆಟ್ರೋದಂತೆ ಇಲ್ಲೂ ಕರೆಂಟ್ ಬರುವುದು ಅದರಿಂದಲೇ, 600 ವೋಲ್ಟ್ ಡಿಸಿ. ಇಲ್ಲಿ ರೈಲಿನ ‘ಶೂ’, ಅಂದರೆ ಕರೆಂಟ್ ಪಡೆಯುವ ಲೋಹದ ತುಂಡು, ಆ ಹಳಿಯ ಮೇಲ್ಭಾಗವನ್ನು ಉಜ್ಜುತ್ತಾ ಸಾಗುತ್ತದೆ. ಮಳೆ ಬಿದ್ದ ಕೂಡಲೇ ಹೆಪ್ಪುಗಟ್ಟಿ ಗಾಜಿನಂಥ ತೆಳು ಪದರ ಕೂತರೆ ಶೂಗೆ ಕರೆಂಟ್ ಸರಿಯಾಗಿ ಸಿಗುವುದಿಲ್ಲ. ಚಟಚಟ ಅಂತ ನೀಲಿ ಕಿಡಿ ಹಾರುತ್ತದೆ, ಒಮ್ಮೊಮ್ಮೆ ರೈಲೇ ನಿಂತುಬಿಡುತ್ತದೆ. ಅದಕ್ಕೆ ರೈಲುಗಳಿಗೇ ಐಸ್ ಕೆರೆಯುವ ಸ್ಕ್ರೇಪರ್ ಹಾಕಿರುತ್ತಾರೆ, ಐಸ್ ಕಟ್ಟದ ದ್ರವವನ್ನೂ ಹಳಿಗೆ ಬಿಡುತ್ತಾರೆ. ಹಿಮ ಬೀಳುವ ರಾತ್ರಿ ಸುಮ್ನೆ ಖಾಲಿ ರೈಲು ಓಡಿಸುವುದೂ ಉಂಟು. ಓಡಾಟ ನಿಲ್ಲದಿದ್ದರೆ ಹಳಿ ತಾನಾಗಿಯೇ ಸ್ವಚ್ಛವಾಗಿರುತ್ತದೆ ಅಲ್ವಾ?

ಪ್ಲಾಟ್‌ಫಾರ್ಮಲ್ಲಿ ಹೀಟರ್ ದೀಪದ ಕೆಳಗೆ ನಿಲ್ಲಿ, ಒಳ್ಳೇ ಬೂಟು ತನ್ನಿ.