ಪೈಪ್ ಹವ್ಯಾಸ ಸರಿಯಾಗಿ ಕಲಿಯಬೇಕಾ? ಮೊದಲು ನಾಲ್ಕು ಡಬ್ಬಿ ಮುಚ್ಚಿಡಿ

ನೀವು ಎರಡು ವಿಷಯ ಕೇಳಿದ್ದೀರಿ. ಒಂದು ವರ್ಷದಿಂದ ಪೈಪ್ ಸೇದುತ್ತಿದ್ದೀರಿ, ಎರಡು ಪೈಪ್ ಮತ್ತು ಐದು ಡಬ್ಬಿ ಹೊಗೆಸೊಪ್ಪು ಇದೆ, ಆದರೂ ನಾಲಿಗೆ ಉರಿಯುತ್ತದೆ, ಐದೂ ಹೆಚ್ಚುಕಡಿಮೆ ಒಂದೇ ರುಚಿ ಅನಿಸುತ್ತದೆ. ಇದನ್ನು ಇನ್ನೂ ಚೆನ್ನಾಗಿ ತಿಳಿದುಕೊಳ್ಳುವುದು ಹೇಗೆ ಅಂತ ಒಂದು. ಮುಂದಿನ ಪೈಪ್ ಯಾವುದು ತಗೊಳ್ಳಲಿ ಅಂತ ಇನ್ನೊಂದು. ಎರಡನೆಯದಕ್ಕೆ ಉತ್ತರ ಸುಲಭ. ಯಾವುದೂ ಬೇಡ. ಇರುವ ಐದು ಡಬ್ಬಿಯಲ್ಲಿ ನಾಲ್ಕನ್ನು ಗಾಳಿಯಾಡದ ಹಾಗೆ ಮುಚ್ಚಿ, ಎರಡು ತಿಂಗಳು ಕಣ್ಣಿಗೆ ಬೀಳದ ಕಡೆ ಇಡಿ.

ನಾನು ಈ ಹುಚ್ಚು ಹಚ್ಚಿಕೊಂಡು ಹನ್ನೊಂದು ವರ್ಷ ಆಯಿತು. ಮೊದಲ ಮೂರು ವರ್ಷದಲ್ಲಿ ಕಲಿತದ್ದು ಡಬ್ಬಿಗಳ ಹೆಸರು ಮಾತ್ರ. ಹೊಸದು ಬಂದ ಕೂಡಲೇ ಹಳೆಯದು ಅರ್ಧಕ್ಕೆ ನಿಲ್ಲುತ್ತಿತ್ತು. ನಾಲಿಗೆ ಉರಿದರೆ ಸೊಪ್ಪಿನ ತಪ್ಪು, ಬೆಂಕಿ ಆರಿದರೆ ಪೈಪಿನ ತಪ್ಪು. ಕೈಯ ತಪ್ಪೂ ಇರಬಹುದು ಅಂತ ಹೊಳೆದಿದ್ದು ಬಹಳ ತಡವಾಗಿ.

ಒಂದು ಮಾತು ಇಲ್ಲೇ ಹೇಳಿ ಮುಂದೆ ಹೋಗುತ್ತೇನೆ. "ಹೊಗೆ ಒಳಗೆ ಎಳೆದುಕೊಳ್ಳಲ್ಲ, ಹಾಗಾಗಿ ಪೈಪಿನಿಂದ ಏನೂ ಆಗಲ್ಲ" ಅನ್ನುವ ಮಾತು ನಮ್ಮವರಲ್ಲಿ ತುಂಬಾ ಇದೆ. ಅದು ಸುಳ್ಳು. ಪೈಪಿನ ಹೊಗೆ ಸಿಗರೇಟಿನ ಹೊಗೆಗಿಂತ ಕ್ಷಾರೀಯ, ಹಾಗಾಗಿ ನಿಕೋಟಿನ್ ಕೆನ್ನೆಯ ಒಳಪದರದಿಂದಲೇ ರಕ್ತಕ್ಕೆ ಇಳಿಯುತ್ತದೆ. ಎಳೆದುಕೊಳ್ಳದೇ ಇದ್ದರೂ ಚಟ ಹಿಡಿಯುವುದು ಇದಕ್ಕೇ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್ ಅಪಾಯವೂ ನಿಜ. ಸೇದದವರು ಇದನ್ನು ಓದಿ ಶುರು ಮಾಡಬೇಡಿ. ನಾನೀಗ ವಾರಕ್ಕೆ ಒಂದು ಬಟ್ಟಲು ಮಾತ್ರ ಸೇದುತ್ತೇನೆ, ಅಂದರೆ ಪೈಪಿನ ತಲೆಯ ಕುಳಿ ಒಂದು ಸಲ ತುಂಬುವಷ್ಟು. ದಿನಕ್ಕೆ ನಾಲ್ಕು ಸೇದುತ್ತಿದ್ದಾಗ ಗೊತ್ತಿದ್ದದ್ದಕ್ಕಿಂತ ಈಗ ಜಾಸ್ತಿ ಗೊತ್ತಿದೆ.

ಇನ್ನು ನಿಮ್ಮ ನಾಲಿಗೆ ವಿಷಯ. ಐದೂ ಒಂದೇ ರುಚಿ ಅನಿಸುವುದಕ್ಕೂ ನಾಲಿಗೆ ಉರಿಯುವುದಕ್ಕೂ ಬಹುತೇಕ ಒಂದೇ ಕಾರಣ. ನೀವು ಹಬೆ ಸೇದುತ್ತಿದ್ದೀರಿ. ಡಬ್ಬಿಯಿಂದ ತೆಗೆದ ಸೊಪ್ಪಿನಲ್ಲಿ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಜಾಸ್ತಿ ತೇವ ಇರುತ್ತದೆ. ಬೆಂಕಿ ತಾಗಿದಾಗ ಆ ನೀರು ಹಬೆಯಾಗಿ ಕೊಳವೆಯಲ್ಲಿ ಬಂದು ನಾಲಿಗೆಯನ್ನು ಸುಡುತ್ತದೆ. ಒದ್ದೆ ಸೊಪ್ಪು ಪದೇ ಪದೇ ಆರುತ್ತದೆ, ಆರಬಾರದು ಅಂತ ನೀವು ಜೋರಾಗಿ ಎಳೆಯುತ್ತೀರಿ, ಶಾಖ ಇನ್ನೂ ಏರುತ್ತದೆ. ಸುಟ್ಟ ನಾಲಿಗೆಗೆ ಯಾವ ರುಚಿ ತಾನೇ ಗೊತ್ತಾಗಬೇಕು?

ಹಾಗಾಗಿ ಮೊದಲ ಪಾಠ ಹದ. ಒಂದು ಚಿಟಿಕೆ ಸೊಪ್ಪನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಗಟ್ಟಿಯಾಗಿ ಒತ್ತಿ ಬಿಡಿ. ಉಂಡೆಯಾಗಿ ಹಾಗೇ ಕೂತರೆ ಒದ್ದೆ. ಚರಚರ ಅಂತ ಪುಡಿಯಾದರೆ ಜಾಸ್ತಿ ಒಣಗಿದೆ. ನಿಧಾನವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಅನ್ನೋ ಹಾಗೆ ಬಿಚ್ಚಿಕೊಂಡರೆ ಅದು ಹದ. ಬಟ್ಟಲಿಗೆ ಬೇಕಾದಷ್ಟನ್ನು ಬಿಳಿ ಕಾಗದದ ಮೇಲೆ ಹರಡಿ, ಕಾಲು ಗಂಟೆಗೊಮ್ಮೆ ಒತ್ತಿ ನೋಡಿ. ಮಳೆಗಾಲದಲ್ಲಿ ಒಂದು ಗಂಟೆ ಬೇಕಾದೀತು, ಒಣ ಹವೆಯಲ್ಲಿ ಇಪ್ಪತ್ತು ನಿಮಿಷ ಸಾಕು. ಒಂದೇ ಸೊಪ್ಪನ್ನು ಡಬ್ಬಿಯಿಂದ ತೆಗೆದ ಹಾಗೇ ಒಂದು ವಾರ, ಅರ್ಧ ಗಂಟೆ ಹರಡಿ ಇನ್ನೊಂದು ವಾರ, ಒಂದು ಗಂಟೆ ಹರಡಿ ಮತ್ತೊಂದು ವಾರ ಸೇದಿ ಎರಡು ಸಾಲು ಬರೆದಿಡಿ. ಪೈಪ್ ಅದೇ, ಸೊಪ್ಪು ಅದೇ, ಹೊತ್ತು ಅದೇ. ಬದಲಾಗುವುದು ಒಂದು ಮಾತ್ರ. ನಾಲ್ಕು ಡಬ್ಬಿ ಮುಚ್ಚಿಡಿ ಅಂದದ್ದು ಇದಕ್ಕೇ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ, ಅಲ್ವಾ?

ತುಂಬುವ ವಿಷಯದಲ್ಲಿ ಹಳಬರ ಒಂದು ಮಾತಿದೆ: ಮೊದಲ ಪದರ ಮಗುವಿನ ಕೈಯಿಂದ, ಎರಡನೆಯದು ಹೆಂಗಸಿನ ಕೈಯಿಂದ, ಮೂರನೆಯದು ಗಂಡಸಿನ ಕೈಯಿಂದ ಒತ್ತಬೇಕು. ಅಂದರೆ ಕೆಳಗೆ ಸಡಿಲ, ಮೇಲೆ ಬಿಗಿ. ಕಡ್ಡಿ ಗೀರುವ ಮೊದಲು ಸುಮ್ನೆ ಒಂದು ಸಲ ಗಾಳಿ ಎಳೆದು ನೋಡಿ. ಸ್ವಲ್ಪವೇ ತಡೆ ಸಿಗಬೇಕು. ಉಸಿರು ಕಟ್ಟಿದರೆ ಸುರಿದು ಮತ್ತೆ ತುಂಬಿ. ನಾಚಿಕೆ ಏನಿಲ್ಲ, ನಾನು ಈಗಲೂ ಸುರಿಯುತ್ತೇನೆ. ಮೊದಲ ಕಡ್ಡಿ ಮೇಲ್ಪದರವನ್ನು ಕಪ್ಪು ಮಾಡುವುದಕ್ಕೆ. ಸೊಪ್ಪು ಎದ್ದು ಉಬ್ಬುತ್ತದೆ, ಅದನ್ನು ಮೆಲ್ಲಗೆ ತಟ್ಟಿ ಸಮ ಮಾಡಿ. ನಿಜವಾಗಿ ಹೊತ್ತಿಸುವುದು ಎರಡನೇ ಕಡ್ಡಿ.

ಆಮೇಲೆ ಕೆಲಸವೆಲ್ಲ ಉಸಿರಿನದು. ಪೈಪ್ ಬೂದಿ ಮುಚ್ಚಿದ ಕೆಂಡದ ಹಾಗೆ ಇರಬೇಕು, ಉರಿಯಬಾರದು. ನಿಮ್ಮ ಸಹಜ ಉಸಿರಿನ ಜೊತೆಗೇ ಒಂದು ಸಣ್ಣ ಎಳೆತ, ಮತ್ತೊಂದು ಉಸಿರಿಗೆ ಸಣ್ಣ ಊದು. ಬಟ್ಟಲನ್ನು ಕೆನ್ನೆಗೆ ತಾಗಿಸಿ ನೋಡಿ. ತಾಗಿಸಲು ಆಗದಷ್ಟು ಬಿಸಿ ಇದ್ದರೆ ಕೆಳಗಿಡಿ, ಆರಲಿ. ಆರಿದರೆ ಮತ್ತೆ ಹೊತ್ತಿಸಬಹುದು, ಅದು ಸೋಲಲ್ಲ. ನಿಧಾನವಾಗಿ ಸೇದುವುದಕ್ಕೆ ಜಗತ್ತಿನಲ್ಲಿ ಸ್ಪರ್ಧೆಯೇ ಇದೆ. ಎಲ್ಲರಿಗೂ ಒಂದೇ ಥರದ ಪೈಪ್, 3 ಗ್ರಾಂ ಸೊಪ್ಪು, ಎರಡು ಬೆಂಕಿಕಡ್ಡಿ. ಕೆಂಡವನ್ನು ಹೆಚ್ಚು ಹೊತ್ತು ಉಳಿಸಿಕೊಂಡವರು ಗೆದ್ದರು. ಪಳಗಿದವರು ಎರಡು ಗಂಟೆ ದಾಟಿಸುತ್ತಾರೆ. ಒಂದು ಸಲ ಮನೆಯಲ್ಲೇ 3 ಗ್ರಾಂ ತೂಗಿ ನಾನೂ ನೋಡಿದೆ. ಇಪ್ಪತ್ತಾರು ನಿಮಿಷ. ಆ ದಿನ ಸೊಕ್ಕು ಇಳಿಯಿತು.

ಹದ ಕೈಗೆ ಬಂದಮೇಲೆ ಉಳಿದ ಡಬ್ಬಿ ತೆಗೆಯಿರಿ. ಈಗ ಡಬ್ಬಿ ಮೇಲಿನ ಕವಿತೆ ಓದಬೇಡಿ, ಒಳಗೆ ಯಾವ ಎಲೆ ಇದೆ ಅಂತ ನೋಡಿ. ವರ್ಜೀನಿಯಾ ಎಲೆಯನ್ನು ಹೊಗೆ ತಾಗಿಸದೆ, ಬಿಸಿ ಗಾಳಿಯಲ್ಲಿ ಹದ ಮಾಡುತ್ತಾರೆ. ಹಳದಿಗೆ ತಿರುಗುವಾಗ ಎಲೆಯ ಪಿಷ್ಟ ಸಕ್ಕರೆಯಾಗುತ್ತದೆ, ಆ ಸಿಹಿ ಉಳಿಯುತ್ತದೆ. ಸಕ್ಕರೆ ಇರುವುದರಿಂದಲೇ ಮುಚ್ಚಿಟ್ಟ ಡಬ್ಬಿಯಲ್ಲಿ ವರ್ಷಗಟ್ಟಲೆ ಮಾಗುತ್ತದೆ. ಅವಸರ ಮಾಡಿದರೆ ಮೊದಲು ನಾಲಿಗೆ ಉರಿಸುವುದೂ ಇದೇ. ಬರ್ಲಿಯನ್ನು ಕೊಟ್ಟಿಗೆಯ ನೆರಳಲ್ಲಿ ತೂಗುಹಾಕಿ ಒಣಗಿಸುತ್ತಾರೆ. ಸಿಹಿ ಕಡಿಮೆ, ಹಾಕಿದ ಪರಿಮಳವನ್ನೆಲ್ಲ ಹೀರಿಕೊಳ್ಳುತ್ತದೆ. ಓರಿಯೆಂಟಲ್ ಅಂದರೆ ಟರ್ಕಿ, ಗ್ರೀಸ್ ಕಡೆಯ ಪುಟ್ಟ ಎಲೆಗಳು, ಬಿಸಿಲಲ್ಲಿ ಒಣಗಿಸಿದ್ದು. ಲಟಾಕಿಯಾಕ್ಕೆ ಸಿರಿಯಾದ ಬಂದರಿನ ಹೆಸರು. ಈಗ ಹೆಚ್ಚಾಗಿ ಬರುವುದು ಸೈಪ್ರಸ್‌ನಿಂದ. ಕಟ್ಟಿಗೆ ಹೊಗೆಯಲ್ಲಿ ಕಪ್ಪಾಗುವ ತನಕ ಇಡುತ್ತಾರೆ, ಡಬ್ಬಿ ತೆಗೆದರೆ ಆರಿಸಿದ ಒಲೆಯ ವಾಸನೆ. ಪೆರಿಕ್ ಅಮೆರಿಕದ ಲೂಸಿಯಾನಾದ ಸೇಂಟ್ ಜೇಮ್ಸ್ ಎಂಬ ಪ್ರದೇಶದ್ದು. ವಿಸ್ಕಿ ಪೀಪಾಯಿಗಳಲ್ಲಿ ತುರುಕಿ, ಮೇಲಿಂದ ಒತ್ತಡ ಹಾಕಿ, ತನ್ನ ರಸದಲ್ಲೇ ಹುಳಿಬರಿಸುತ್ತಾರೆ. ಖಾರ ಮೂಗಿಗೆ ಏರುತ್ತದೆ. ಕ್ಯಾವೆಂಡಿಶ್ ಎಲೆಯ ಜಾತಿ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಅಲ್ಲ, ಅದು ಆವಿ ಮತ್ತು ಒತ್ತಡ ಕೊಟ್ಟು ಮಾಡುವ ವಿಧಾನ. ವರ್ಜೀನಿಯಾಕ್ಕೂ ಮಾಡಬಹುದು, ಬರ್ಲಿಗೂ ಮಾಡಬಹುದು.

ಇದನ್ನು ಕಲಿಯಲು ಸೇದಬೇಕು ಅಂತಲೂ ಇಲ್ಲ. ಒಂದು ಚಿಟಿಕೆಯನ್ನು ಕಾಗದದ ಮೇಲೆ ಹಾಕಿ, ಹಳದಿ ಎಳೆ, ಕಂದು ಎಳೆ, ಕಪ್ಪು ಎಳೆ ಬೇರೆ ಬೇರೆ ಮಾಡಿ ಮೂಸಿ ನೋಡಿ. ಅರ್ಧ ಗಂಟೆಯಲ್ಲಿ ಡಬ್ಬಿಯ ಜಾತಕ ಗೊತ್ತಾಗುತ್ತದೆ. ಕಪ್ಪು ಎಳೆಗಳಿಗೆ ಹೊಗೆ ವಾಸನೆ ಇದ್ದರೆ ಲಟಾಕಿಯಾ, ಬರೀ ಸಿಹಿ ಇದ್ದರೆ ಕ್ಯಾವೆಂಡಿಶ್. ಒಂದು ಎಚ್ಚರಿಕೆ: ಲಟಾಕಿಯಾ ಸೇದಿದ ಪೈಪಿಗೆ ಅದರ ದೆವ್ವ ಹಿಡಿಯುತ್ತದೆ. ಆಮೇಲೆ ಯಾವ ಸೊಪ್ಪು ಹಾಕಿದರೂ ಹಿಂದಿನಿಂದ ಹೊಗೆ ವಾಸನೆ ಇಣುಕುತ್ತದೆ. ನಿಮ್ಮ ಎರಡು ಪೈಪುಗಳಲ್ಲಿ ಒಂದನ್ನು ಅದಕ್ಕೇ ಬಿಟ್ಟುಕೊಡಿ.

ಪೈಪಿನ ಮರದ ಬಗ್ಗೆ ಚುಟುಕಾಗಿ. ಬ್ರೈಯರ್ ಅನ್ನುವುದು ಮೆಡಿಟರೇನಿಯನ್ ತೀರದ ಒಂದು ಪೊದೆಯ ಬುಡದಲ್ಲಿ ಬೆಳೆಯುವ ಗಂಟು. ದೊಡ್ಡದಾಗಲು ಮೂವತ್ತು ವರ್ಷಕ್ಕೂ ಜಾಸ್ತಿ ಬೇಕು. ಗಂಟನ್ನು ಕತ್ತರಿಸಿ, ಗಂಟೆಗಟ್ಟಲೆ ಕುದಿಸಿ ಒಗರು ತೆಗೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬೆಂಕಿ ತಡೆಯುತ್ತದೆ, ತೇವ ಹೀರುತ್ತದೆ. ಅದಕ್ಕೇ 1850ರ ದಶಕದಲ್ಲಿ ಫ್ರಾನ್ಸಿನ ಸೇಂಟ್ ಕ್ಲೋಡ್ ಊರಿನ ಮರಗೆಲಸದವರು ಇದಕ್ಕೆ ಅಂಟಿಕೊಂಡರು. ಮೀರ್‌ಶಾಮ್ ಮರವೇ ಅಲ್ಲ, ಟರ್ಕಿಯ ಎಸ್ಕಿಶೆಹಿರ್ ಸುತ್ತ ಸಿಗುವ ಹಗುರ ಬಿಳಿ ಖನಿಜ. ಸೇದಿದಷ್ಟೂ ಹಳದಿಯಾಗಿ, ಕಂದಾಗುತ್ತದೆ. ಜೋಳದ ದಿಂಡಿನ ಪೈಪನ್ನು ನೋಡಿ ನಗುವವರಿದ್ದಾರೆ. ಅಮೆರಿಕದ ಮಿಸೌರಿಯ ವಾಷಿಂಗ್ಟನ್ ಊರಿನಲ್ಲಿ ಹೆನ್ರಿ ಟಿಬ್ಬೆ ಎಂಬಾತ 1878ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹೊಸ ಸೊಪ್ಪಿನ ರುಚಿ ನೋಡಲು ನಾನು ಬಳಸುವುದು ಇದನ್ನೇ. ನೀವು ಏನಾದರೂ ಕೊಳ್ಳಲೇಬೇಕು ಅಂತ ಕೈ ತುರಿಸಿದರೆ ಇದನ್ನು ಕೊಳ್ಳಿ.

ನಾನು ಮಾಡಿದ ಒಂದು ಎಡವಟ್ಟು ಹೇಳುತ್ತೇನೆ. ಮೊದಲ ಹಳೆ ಪೈಪ್ ಸಿಕ್ಕಿದಾಗ ಬಾಯಿಗಿಡುವ ಕಪ್ಪು ನಳಿಕೆಯನ್ನು ಬಿಸಿ ನೀರಿನಲ್ಲಿ ಚೆನ್ನಾಗಿ ತೊಳೆದೆ. ಹತ್ತು ನಿಮಿಷದಲ್ಲಿ ಅದು ಕಪ್ಪೆ ಚರ್ಮದ ಬಣ್ಣಕ್ಕೆ ತಿರುಗಿತು, ಬಾಯಿಗಿಟ್ಟರೆ ಟೈರಿನ ರುಚಿ. ನಳಿಕೆ ವಲ್ಕನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಬಿಸಿಲು, ಬಿಸಿನೀರು ತಾಗಿದರೆ ಆ ಗಂಧಕ ಮೇಲಕ್ಕೆ ಬರುತ್ತದೆ. ಮೂರು ಸಂಜೆ ಒದ್ದೆ ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ಕಪ್ಪು ಬಣ್ಣ ವಾಪಸ್ ತಂದೆ. ಇನ್ನೊಂದು: ಬಿಸಿ ಇರುವಾಗ ನಳಿಕೆ ಎಳೆದು ತೆಗೆಯಬೇಡಿ, ಕೂಡುವ ಜಾಗ ಸಡಿಲವಾಗುತ್ತದೆ, ಮರವೂ ಸೀಳಬಹುದು. ಬಟ್ಟಲಿನೊಳಗೆ ಕಟ್ಟುವ ಮಸಿಯ ಕಿಟ್ಟ ಒಂದು ಸಣ್ಣ ನಾಣ್ಯದ ದಪ್ಪ ಇದ್ದರೆ ಒಳ್ಳೆಯದು, ಅದಕ್ಕಿಂತ ಜಾಸ್ತಿಯಾದರೆ ಕೆರೆಯಿರಿ. ಬಿಸಿಗೆ ಕಿಟ್ಟ ಮರಕ್ಕಿಂತ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತದೆ, ಬಟ್ಟಲು ಬಿರುಕು ಬಿಡುತ್ತದೆ.

ಹೇಳಿದೆನಲ್ಲ, ವಾರಕ್ಕೆ ಒಂದು ಬಟ್ಟಲು ಅಂತ. ಉಳಿದ ದಿನಗಳ ಖುಷಿ ಹಳೆ ಪೈಪುಗಳನ್ನು ಕೈಯಲ್ಲಿ ಹಿಡಿದು ನೋಡುವುದರಿಂದಲೇ. ಬೆಳ್ಳಿ ಪಟ್ಟಿ ಇರುವುದು ಸಿಕ್ಕರೆ ಭೂತಗನ್ನಡಿ ತಗೊಳ್ಳಿ. ಇಂಗ್ಲೆಂಡಿನ ಬೆಳ್ಳಿಯ ಮೇಲೆ ನಾಲ್ಕೈದು ಸಣ್ಣ ಮುದ್ರೆ ಇರುತ್ತವೆ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು, ಪಕ್ಕದ ಒಂಟಿ ಅಕ್ಷರ ವರ್ಷ ಹೇಳುತ್ತದೆ. ಅಕ್ಷರದ ಶೈಲಿ, ಸುತ್ತಲಿನ ಚೌಕಟ್ಟಿನ ಆಕಾರ ಎರಡನ್ನೂ ಮುದ್ರೆಗಳ ವರ್ಷಪಟ್ಟಿಯ ಜೊತೆ ಹೋಲಿಸಬೇಕು, ಇಲ್ಲದಿದ್ದರೆ ಇಪ್ಪತ್ತೈದು ವರ್ಷ ಹಿಂದೆ ಮುಂದೆ ಆಗುತ್ತದೆ. ಡನ್‌ಹಿಲ್ ಪೈಪುಗಳಲ್ಲಿ ಬೆಳ್ಳಿಯೂ ಬೇಡ, ಮರದ ಮೇಲೆ ಒತ್ತಿದ ಸಣ್ಣ ಅಂಕಿಯಿಂದಲೇ ವರ್ಷ ಲೆಕ್ಕ ಹಾಕಬಹುದು.

ಮುದ್ರೆ ಇಲ್ಲದ ಪೈಪೂ ಮಾತಾಡುತ್ತದೆ. ನನ್ನ ಹತ್ತಿರ ಒಂದಿದೆ, ಹೆಸರೂ ಇಲ್ಲ, ಊರೂ ಇಲ್ಲ. ನಳಿಕೆಯ ಎಡ ಅಂಚಿನಲ್ಲಿ ಮಾತ್ರ ಹಲ್ಲಿನ ಗುಳಿ. ಬಟ್ಟಲಿನ ಬಾಯಿ ಸುಟ್ಟಿರುವುದು ಬಲಗಡೆ ಮಾತ್ರ. ಯಾರೋ ಎಡದವಡೆಯಲ್ಲಿ ಕಚ್ಚಿಕೊಂಡು, ಬಲಗೈಯಲ್ಲಿ ಕಡ್ಡಿಯನ್ನು ಓರೆ ಹಿಡಿದು ಹೊತ್ತಿಸುತ್ತಿದ್ದರು. ಎಷ್ಟು ಅಜಾಗರೂಕ ಮನುಷ್ಯ ಅಂದುಕೊಂಡು ನನ್ನದೇ ಪೈಪ್ ಎತ್ತಿ ನೋಡಿದೆ. ಅದೂ ಬಲಗಡೆ ಕಪ್ಪಾಗಿತ್ತು. ಈಗ ಕಡ್ಡಿಯನ್ನು ನೇರ ಮೇಲಿಂದ ಹಿಡಿಯುತ್ತೇನೆ.