ಹಿತ್ತಲಿನ ಮರದ ಶೆಡ್ಡಿಗೆ ಯಾವ ಪ್ಲಾನ್ ಆರಿಸಲಿ?

ಗುದ್ದಲಿ, ಸಲಿಕೆ, ಕೈಗಾಡಿ, ಎರಡು ಸೈಕಲ್ ಇಡೋಕೆ ಶೆಡ್ ಬೇಕು, ಮರಗೆಲಸ ಇದೇ ಮೊದಲು ಅಂದಿದ್ದೀರಿ. ಕೈಯಲ್ಲಿ ಎರಡು ಪ್ಲಾನ್ ಇವೆ. ಪುಕ್ಕಟೆ ಸಿಕ್ಕಿದ 10×10 ಅಡಿಯದ್ದು ಒಂದು, ಅದರ ಚಾವಣಿ ಎರಡೂ ಕಡೆ ಮೇಲೆ ಕಡಿಮೆ ಇಳಿಜಾರಾಗಿ, ನಡುವೆ ಮಡಿಚಿದಂತೆ ತಿರುಗಿ, ಕೆಳಗೆ ಕಡಿದಾಗಿ ಇಳಿಯುತ್ತದೆ. ಇನ್ನೊಂದು ದುಡ್ಡು ಕೊಟ್ಟು ಕೊಳ್ಳಬೇಕಾದ 8×12 ಅಡಿಯದ್ದು, ಒಂದೇ ಕಡೆಗೆ ಇಳಿಜಾರು. ನಾನಾಗಿದ್ದರೆ 8×12 ಹಿಡಿಯುತ್ತಿದ್ದೆ. ದುಡ್ಡಿನದ್ದು ಅನ್ನೋ ಕಾರಣಕ್ಕಲ್ಲ.

ನಾನು ಮೊದಲ ಸಲ ಕಟ್ಟಿದಾಗ ಚಿತ್ರ ನೋಡಿಯೇ ಮರುಳಾಗಿದ್ದೆ. ಪ್ಲಾನಿನಲ್ಲಿ ಬಾಗಿಲು 30 ಇಂಚು ಅಂತಿತ್ತು. ಅದು ಗೋಡೆಯಲ್ಲಿ ಬಿಡಬೇಕಾದ ಜಾಗವೋ, ಚೌಕಟ್ಟು ಕೂರಿಸಿದ ಮೇಲೆ ಉಳಿಯುವ ಜಾಗವೋ, ಎಲ್ಲೂ ಬರೆದಿರಲಿಲ್ಲ. ನನಗೂ ಹೊಳೆಯಲಿಲ್ಲ. ಎರಡೂ ಪಕ್ಕ ಒಂದೂವರೆ ಇಂಚಿನ ಮರ ಕೂತ ಮೇಲೆ ಉಳಿದದ್ದು 27 ಇಂಚು. ಕೈಗಾಡಿ ಒಳಗೆ ಹೋಗುತ್ತಿತ್ತು, ಹಿಡಿಕೆ ಹಿಡಿದ ಕೈ ಹೋಗುತ್ತಿರಲಿಲ್ಲ. ದಿನಾ ಬೆರಳಿನ ಗೆಣ್ಣು ತರಚಿಕೊಳ್ಳೋದು. ಕೊನೆಗೊಂದು ಭಾನುವಾರ ಗರಗಸ ತಗೊಂಡು, ನಾನೇ ಕಟ್ಟಿದ ಗೋಡೆಯನ್ನು ನಾನೇ ಕೊಯ್ದೆ.

ಈಗ ಮೊದಲು ನೋಡುವುದು ತುಂಡುಗಳ ಪಟ್ಟಿ. ಯಾವ ಮರ, ಎಷ್ಟು ತುಂಡು, ಒಂದೊಂದೂ ಎಷ್ಟುದ್ದ ಅಂತ ಬರೆದಿರಬೇಕು. ಅದಿಲ್ಲದಿದ್ದರೆ ಅದು ಪ್ಲಾನ್ ಅಲ್ಲ, ಸುಮ್ನೆ ಚಿತ್ರ. ಪಟ್ಟಿ ಇದ್ದರೆ ಒಂದು ಗೋಡೆಯ ಲೆಕ್ಕ ಕೂಡಿ ನೋಡಿ. ಗೋಡೆ 84 ಇಂಚು ಎತ್ತರ ಅಂದುಕೊಳ್ಳಿ. ಕಂಬಗಳ ಕೆಳಗೊಂದು ಅಡ್ಡಪಟ್ಟಿ, ಮೇಲೆರಡು. 2×4 ಇಂಚು ಅಂತ ಮಾರುವ ರಂದಾ ಹೊಡೆದ ಮರ ಎಷ್ಟೋ ಕಡೆ ನಿಜವಾಗಿ ಇರೋದು ಒಂದೂವರೆ, ಮೂರೂವರೆ ಇಂಚು. ಹಾಗಾದರೆ ಮೂರು ಅಡ್ಡಪಟ್ಟಿಗೆ ನಾಲ್ಕೂವರೆ ಇಂಚು ಹೋಯಿತು, ಕಂಬ 79.5 ಇಂಚು ಇರಬೇಕು. ತುಂಡುಗಳ ಪಟ್ಟಿಯಲ್ಲಿ ಕಂಬ 78 ಅಂತಿದ್ದರೆ ಪೂರ್ತಿ 2 ಇಂಚಿನ ಮರ ಅಂತ ಲೆಕ್ಕ ಹಾಕಿದ್ದಾರೆ. ನಿಮಗೆ ಸಿಗುವುದು ರಂದಾ ಹೊಡೆಯದ ಒರಟು ಮರವಾದರೆ ಅದೇ ಸರಿ ಇರಬಹುದು. ಅದಕ್ಕೇ ಪ್ಲಾನ್ ಕೊಳ್ಳುವ ಮೊದಲು ಟೇಪ್ ಹಿಡಿದು ಮರದಂಗಡಿಗೆ ಒಮ್ಮೆ ಹೋಗಿ ಬನ್ನಿ.

ಕಂಬದ ನಡುವಿನಿಂದ ಮುಂದಿನ ಕಂಬದ ನಡುವಿಗೆ 16 ಅಥವಾ 24 ಇಂಚು ಇದೆಯೇ ನೋಡಿ. ಪ್ಲೈವುಡ್ ಹಾಳೆ 4 ಅಡಿ ಅಗಲ, ಅಂದರೆ 48 ಇಂಚು. 16 ಆಗಲಿ 24 ಆಗಲಿ, ಹಾಳೆಯ ಅಂಚು ಸರಿಯಾಗಿ ಕಂಬದ ಮೇಲೆ ಬಂದು ಕೂರುತ್ತದೆ. 20 ಅಂತಿದ್ದರೆ ಅಂಚಿಗೆ ಆಸರೆಯೇ ಇಲ್ಲ. ಮೊಳೆ ಎಲ್ಲಿಗೆ ಹೊಡೀತೀರಿ?

8×12 ಅಂದಿದ್ದೂ ಈ ಹಾಳೆ ಲೆಕ್ಕದಲ್ಲೇ. ಅದರ ನೆಲಕ್ಕೆ 8×4ರ ಮೂರು ಹಾಳೆ ಸಾಕು, ಗರಗಸ ಮುಟ್ಟುವುದೇ ಬೇಡ. 10×10ರಲ್ಲಿ ಜಾಸ್ತಿ ಸಿಗುವುದು ನಾಲ್ಕೇ ಚದರಡಿ. ಅದಕ್ಕೆ ನಾಲ್ಕನೇ ಹಾಳೆ ಬೇಕು, ಕೊಯ್ದು ಜೋಡಿಸುವ ಕೆಲಸ ಬೇರೆ.

ಹಾಗೆ ನಡುವೆ ಮಡಿಚಿದ ಚಾವಣಿ ನೋಡೋಕೆ ಚೆಂದ, ಒಳಗೆ ಅಟ್ಟಕ್ಕೂ ಜಾಗ ಸಿಗುತ್ತದೆ. ಆದರೆ ಮೊದಲ ಸಲಕ್ಕೆ ಬೇಡ ಅಂತಲೇ ನನ್ನ ಅಭಿಪ್ರಾಯ. ಎಲ್ಲೆಲ್ಲೂ ಓರೆ ಕೊಯ್ತ, ಸ್ವಲ್ಪ ತಪ್ಪಿದರೂ ಸಂದು ಬಾಯಿ ಬಿಡುತ್ತದೆ. ಒಂದೇ ಇಳಿಜಾರಿನಲ್ಲಿ ಚಾವಣಿಯ ತೊಲೆಗಳೆಲ್ಲ ಒಂದೇ ಥರ. ಒಂದನ್ನು ಕೊಯ್ದು, ಕೂರಿಸಿ ನೋಡಿ, ಅದರ ಮೇಲೆ 'ಮಾದರಿ' ಅಂತ ಬರೆದಿಡಿ. ಉಳಿದವನ್ನೆಲ್ಲ ಅದನ್ನಿಟ್ಟೇ ಗುರುತು ಹಾಕಿ. ಈಗ ತಾನೇ ಕೊಯ್ದದ್ದನ್ನಿಟ್ಟು ಮುಂದಿನದಕ್ಕೆ ಗುರುತು ಹಾಕುತ್ತಾ ಹೋದರೆ ಪೆನ್ಸಿಲ್ ಗೆರೆಯಷ್ಟು ಪ್ರತಿ ಸಲ ಬೆಳೆದು, ಹತ್ತನೆಯದು ಬೇರೆಯೇ ತೊಲೆ ಆಗಿರುತ್ತದೆ.

ಶೆಡ್ ಎಷ್ಟು ದೊಡ್ಡದಿರಬಹುದು, ಬೇಲಿಯಿಂದ ಎಷ್ಟು ದೂರ ಇರಬೇಕು ಅನ್ನೋದಕ್ಕೆ ನಿಮ್ಮಲ್ಲಿ ನಿಯಮ ಇರಬಹುದು. ಮೊದಲೇ ವಿಚಾರಿಸಿ. ಮಣ್ಣಿಗೆ ತಾಗುವ ಮರ ಗೆದ್ದಲು, ತೇವ ತಡೆಯೋಕೆ ಔಷಧಿ ಕುಡಿಸಿದ್ದು ಅಂತ ಪ್ಲಾನಿನಲ್ಲೇ ಬರೆದಿರಬೇಕು.

ದುಡ್ಡು ಕೊಡುವ ಮೊದಲು ಹಿತ್ತಲಲ್ಲಿ ನಾಲ್ಕು ಗೂಟ ಹೊಡೆದು 8×12ಕ್ಕೆ ದಾರ ಕಟ್ಟಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ 14 ಅಡಿ 5 ಇಂಚು ಬಂದರೆ ಮೂಲೆಗಳು ನೆಟ್ಟಗಿವೆ. ಸೈಕಲ್, ಕೈಗಾಡಿ ಎಲ್ಲ ಒಳಗೆ ತಂದಿಟ್ಟು, ನೀವೂ ನಿಂತು, ಹಿಂದಿರುವ ಸೈಕಲ್ ಹೊರಗೆ ತೆಗೆಯೋಕೆ ನೋಡಿ. ನೋಡಿದವರು ನಗಲಿ ಬಿಡಿ.

8×12ರಲ್ಲಿ ಬಾಗಿಲು ಎಷ್ಟಗಲ ಅಂತ ನೀವು ಬರೆದೇ ಇಲ್ಲ. ಚೌಕಟ್ಟು ಕೂತ ಮೇಲೆ 4 ಅಡಿ ಉಳಿಯುವಂತಿರಲಿ. ಪ್ಲಾನಿನಲ್ಲಿ ಅಷ್ಟಿಲ್ಲದಿದ್ದರೆ ನೀವೇ ಅಗಲ ಮಾಡೋಕೆ ಹೋಗಬೇಡಿ. ಚಾವಣಿಯ ಭಾರ ಹೊರುವ ಗೋಡೆಯಾದರೆ ಬಾಗಿಲಿನ ಮೇಲಿನ ಅಡ್ಡತೊಲೆಯೂ ದಪ್ಪ ಆಗಬೇಕಾಗುತ್ತದೆ. ಎಷ್ಟು ದಪ್ಪ ಅಂತ ಪ್ಲಾನ್ ಮಾರಿದವರನ್ನೇ ಕೇಳಿ. ದುಡ್ಡು ಕೊಟ್ಟಿರುತ್ತೀರಿ, ಅಲ್ವಾ?